ಆರು ಗೇರಿದ್ದರೂ ತಳ್ಳುವುದೇಕೆ?

ಶಾಲೆಗೆ ಹೋಗುವ ದಾರಿಯಲ್ಲೊಂದು ಏರು. ಒಂಬತ್ತು ವರ್ಷದ ಹುಡುಗಿ ಸೈಕಲ್ಲಿನಿಂದ ಇಳಿದು ತಳ್ಳತೊಡಗುತ್ತಾಳೆ. ಸೈಕಲ್ಲಿಗೆ ಆರು ಗೇರುಗಳಿವೆ. 'ಇಷ್ಟು ದುಡ್ಡು ಕೊಟ್ಟು ತಂದದ್ದು ವ್ಯರ್ಥ' ಎಂದು ಅಪ್ಪ ಗೊಣಗುತ್ತಾನೆ. ಕೆಲವೇ ತಿಂಗಳಲ್ಲಿ ಸೈಕಲ್ಲು ಮೂಲೆ ಸೇರುತ್ತದೆ. ತಪ್ಪು ಮಗುವಿನದೆ?

ಹಿಂಚಕ್ರದ ಬಳಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನವೇ ಡಿರೇಲರ್. ಅದರೊಳಗಿನ ಸ್ಪ್ರಿಂಗು ಚೈನನ್ನು ಸಾಮಾನ್ಯವಾಗಿ ಚಿಕ್ಕ ಚಕ್ರದ ಕಡೆಗೇ ಎಳೆಯುತ್ತಿರುತ್ತದೆ. ಏರಿಗೆ ಬೇಕಾದದ್ದು ದೊಡ್ಡ ಚಕ್ರ. ಅಂದರೆ ಹಗುರವಾದ ಗೇರು ಬೇಕಾದಾಗಲೇ ಮಗುವಿನ ಕೈ ಸ್ಪ್ರಿಂಗಿನ ವಿರುದ್ಧ ಬಲ ಹಾಕಬೇಕು! ತಿರುಚುವ ಹಿಡಿಯಾದರೆ ಬೆವರಿದ ಪುಟ್ಟ ಅಂಗೈ ಜಾರುತ್ತದೆ. ಹೆಬ್ಬೆರಳಿನಿಂದ ಒತ್ತುವ ಸನ್ನೆ ಇದ್ದರೆ ಕೆಲಸ ಸುಲಭ.

ಆದರೆ ಹೊಸ ಹಿಡಿ ಕೊಳ್ಳುವ ಮೊದಲು ಕೇಬಲ್ ನೋಡಬೇಕು. ಮಳೆ, ಧೂಳಿಗೆ ತುಕ್ಕು ಹಿಡಿದ ಕೇಬಲ್ ತನ್ನ ಕೊಳವೆಯೊಳಗೆ ಉಜ್ಜಿಕೊಂಡು ಬಿಗಿಯುತ್ತದೆ. ಕೇಬಲನ್ನೂ ಕೊಳವೆಯನ್ನೂ ಬದಲಿಸಿದರೆ ಎಷ್ಟೋ ಸೈಕಲ್ಲುಗಳ ರೋಗ ಅಲ್ಲಿಗೇ ವಾಸಿ. ಸೈಕಲ್ಲು ಬಲಮಗ್ಗುಲಿಗೆ ಬಿದ್ದಿದ್ದರೆ ಡಿರೇಲರ್ ತೂಗುವ ಕೊಂಡಿ ಬಗ್ಗಿರಬಹುದು. ಅದನ್ನು ನೇರ ಮಾಡದೆ ಯಾವ ಹೊಸ ಭಾಗ ಹಾಕಿದರೂ ಫಲವಿಲ್ಲ.

ಇನ್ನು ಲೆಕ್ಕ. 20 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಉರುಳುತ್ತದೆ. ಮುಂದೆ 36 ಹಲ್ಲು, ಹಿಂದೆ 14 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 4 ಮೀಟರ್. ಹಿಂದೆ 28 ಆದರೆ 2 ಮೀಟರ್. 34 ಆದರೆ 1.7 ಮೀಟರ್ ಮಾತ್ರ. ದೂರ ಕಡಿಮೆಯಾದಷ್ಟೂ ತುಳಿತ ಹಗುರ. 28ರಿಂದ 34ಕ್ಕೆ ಹೋದರೆ ತುಳಿಯುವ ಬಲದಲ್ಲಿ ಆರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಉಳಿತಾಯ. ಎಳೆಯ ಕಾಲುಗಳಿಗೆ ಇದು ಸಣ್ಣ ಮಾತಲ್ಲ.

14ರಿಂದ 34 ಹಲ್ಲಿನವರೆಗಿನ ಏಳು ಚಕ್ರಗಳ ಫ್ರೀವೀಲ್ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ 'ಟಿಕ್' ಎಂದು ಒಂದೊಂದೇ ಮೆಟ್ಟಿಲು ಸರಿಯುವ ಗೇರು ವ್ಯವಸ್ಥೆ ತಂದಿತು. ಅಂಥ ವ್ಯವಸ್ಥೆಯಲ್ಲಿ ಹಿಡಿಯ ಮೆಟ್ಟಿಲಿಗೂ ಚಕ್ರಗಳ ಅಂತರಕ್ಕೂ ಹೊಂದಿಕೆ ಬೇಕು. ಆರರ ಫ್ರೀವೀಲಿನಲ್ಲಿ ಈ ಅಂತರ ಸುಮಾರು 5.5 ಮಿಲಿಮೀಟರ್, ಏಳರಲ್ಲಿ 5. ಆದ್ದರಿಂದ ಫ್ರೀವೀಲ್ ಬದಲಿಸಿದರೆ ಹಿಡಿಯನ್ನೂ ಬದಲಿಸಬೇಕು. 34 ಹಲ್ಲನ್ನು ನಿಭಾಯಿಸಬಲ್ಲ ಡಿರೇಲರ್ ಇರಬೇಕು. ಹಳೆಯ ಚೈನು ಗಿಡ್ಡವಾದರೆ ದೊಡ್ಡ ಚಕ್ರ ಹತ್ತುವಾಗ ಡಿರೇಲರನ್ನೇ ಕಿತ್ತೀತು.

ಕೊನೆಗೆ, ಡಿರೇಲರಿನ ಎರಡು ಪುಟ್ಟ ಸ್ಕ್ರೂಗಳು. ಚೈನು ಎರಡೂ ತುದಿಗಳಲ್ಲಿ ಎಲ್ಲೆ ದಾಟದಂತೆ ತಡೆಯುವುದು ಇವೇ. ಸರಿಹೊಂದಿಸದೆ ಬಿಟ್ಟರೆ ಚೈನು ಕಡ್ಡಿಗಳೊಳಗೆ ಬಿದ್ದು ಚಕ್ರ ಓಡುತ್ತಿರುವಾಗಲೇ ಕಚ್ಚಿಕೊಳ್ಳಬಹುದು. ಹಿಂಚಕ್ರವನ್ನು ಎತ್ತಿ ಹಿಡಿದು, ಎಲ್ಲ ಗೇರುಗಳನ್ನೂ ಹಾಕಿ ನೋಡಿದ ಮೇಲೆಯೇ ಮಗುವಿನ ಕೈಗೆ ಕೊಡಬೇಕು.

ಆಮೇಲೆ ಒಂದು ಪಾಠ ಸಾಕು: ಏರು ಬಂದ ಮೇಲಲ್ಲ, ಏರು ಬರುವ ಮುನ್ನವೇ, ಹಗುರವಾಗಿ ತುಳಿಯುತ್ತ ಗೇರು ಬದಲಿಸಬೇಕು. ಇಷ್ಟಾದರೆ ಮೂಲೆ ಸೇರಿದ ಸೈಕಲ್ಲು ಮತ್ತೆ ಬೀದಿಗಿಳಿಯುತ್ತದೆ. ಏರಿನ ತುದಿಯಲ್ಲಿ ಸೀಟಿನ ಮೇಲೆಯೇ ಕುಳಿತಿರುವ ಮಗು ಹಿಂತಿರುಗಿ ನೋಡಿ ನಗುತ್ತದೆ.