ಹದಿಮೂರು ತಂಡ, ಎರಡು ಅಂಗಣ, ಒಂದು ದಿನ

ಮುಂಗಾರು ಹಿಡಿದುಕೊಂಡು ಶಾಲೆಯ ಮೈದಾನದಲ್ಲಿ ಗರಿಕೆ ಚಿಗುರುವ ಹೊತ್ತಿಗೆ ಸುತ್ತೋಲೆ ಬರುತ್ತದೆ. ಈ ಸಲದ ತಾಲ್ಲೂಕು ಮಟ್ಟದ ಪ್ರೌಢಶಾಲಾ ಬಾಲಕರ ವಾಲಿಬಾಲ್ ಪಂದ್ಯಾವಳಿಯ ಆತಿಥ್ಯ ನಿಮ್ಮ ಶಾಲೆಯದು ಎಂದು ಅದರಲ್ಲೊಂದು ಸಾಲು. ಮುಖ್ಯೋಪಾಧ್ಯಾಯರು ಓದಿ, ‘ಸರ್, ಇದನ್ನ ಸ್ವಲ್ಪ ನೋಡ್ಕೊಳ್ಳಿ’ ಎಂದು ದೈಹಿಕ ಶಿಕ್ಷಣ ಶಿಕ್ಷಕರ ಕೈಗೆ ದಾಟಿಸುತ್ತಾರೆ. ಮುಂದಿನದೆಲ್ಲ ಪಿ.ಟಿ. ಮೇಷ್ಟ್ರ ಪಾಲು.

ಪಂದ್ಯಾವಳಿ ಎಂದರೆ ಶಾಮಿಯಾನ, ಮೈಕು, ಮೂರಡಿ ಟ್ರೋಫಿ ಎಂದುಕೊಂಡವರೇ ಹೆಚ್ಚು. ಊರಲ್ಲೊಬ್ಬ ಧಾರಾಳಿ ದಾನಿ ಸಿಕ್ಕರೆ ಅವೆಲ್ಲ ಒಂದು ಸಂಜೆಯಲ್ಲಿ ಆಗಿಹೋಗುತ್ತವೆ. ದಾನಿಯ ದುಡ್ಡಿಗೆ ದಕ್ಕದ ಕೆಲಸ ಬೇರೆಯೇ ಇದೆ. ಸೋತ ತಂಡ ಎದುರಾಳಿಯ ಆಟಕ್ಕೆ ಮಾತ್ರ ಸೋತಿರಬೇಕು. ಜೋತುಬಿದ್ದ ನೆಟ್ಟಿಗೆ, ಸೊಟ್ಟ ಗೆರೆಗೆ, ಚೀಟಿ ಎತ್ತಿದವರ ಕೈಚಳಕಕ್ಕೆ, ಹೊತ್ತು ಮೀರಿದ ಊಟಕ್ಕೆ ಸೋತಿರಬಾರದು. ಮೇಷ್ಟ್ರ ಕಸುಬುಗಾರಿಕೆಯೆಲ್ಲ ಇಲ್ಲಿದೆ. ಅದು ಚೆನ್ನಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟಾಗ ಊರಿಗೆಲ್ಲ ಗೊತ್ತಾಗುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಶಾಲಾ ಕ್ರೀಡೆಯ ಏಣಿ ಬಹಳ ಕಡಿದು. ವಲಯ, ತಾಲ್ಲೂಕು, ಜಿಲ್ಲೆ, ಅದರ ಮೇಲೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗಗಳು, ಆಮೇಲೆ ರಾಜ್ಯ, ತುದಿಯಲ್ಲಿ 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. ಕೆಳಗಿನ ಮೆಟ್ಟಿಲುಗಳಲ್ಲಿ ಸಾಮಾನ್ಯವಾಗಿ ನಾಕೌಟ್ ಪದ್ಧತಿ. ಒಂದು ಪಂದ್ಯ ಸೋತರೆ ಆ ವರ್ಷ ಅಲ್ಲಿಗೆ ಮುಗಿಯಿತು. ಹತ್ತನೇ ತರಗತಿಯ ಹುಡುಗನಿಗಂತೂ ಮುಂದಿನ ವರ್ಷದ ಹೈಸ್ಕೂಲು ತಂಡವೆಂಬುದೇ ಇಲ್ಲ. ಮುಕ್ಕಾಲು ಗಂಟೆಯ ಆಟದಲ್ಲಿ ಅವನ ಮೂರು ವರ್ಷದ ಬೆಳಗಿನ ಅಭ್ಯಾಸ ತೀರ್ಮಾನವಾಗುವಾಗ, ಆ ಮುಕ್ಕಾಲು ಗಂಟೆಯನ್ನು ನಡೆಸಿಕೊಡುವವರು ಅಳತೆ ತಪ್ಪುವಂತಿಲ್ಲ.

ಮೊದಲ ಅಳತೆ ನೆಲದ್ದು. ವಾಲಿಬಾಲ್ ಅಂಗಣ 18 ಮೀಟರ್ ಉದ್ದ, 9 ಮೀಟರ್ ಅಗಲ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಪುರುಷರ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ನಡೆದಾಗ ಇದ್ದದ್ದೂ ಇದೇ ಅಳತೆ, ಹೋಬಳಿ ಶಾಲೆಯ ಕೆಮ್ಮಣ್ಣಿನ ಮೇಲೆ ಇರಬೇಕಾದದ್ದೂ ಇದೇ. ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ ಬೇಕು. ಹಿಂದಕ್ಕೆ ಓಡಿ ಚೆಂಡು ಎತ್ತುವ ಹುಡುಗ ಧ್ವಜಸ್ತಂಭದ ಕಟ್ಟೆಗೆ ಬಡಿಯಬಾರದಲ್ಲ. ಅಂಗಣದ ಉದ್ದ ಉತ್ತರ ದಕ್ಷಿಣವಾಗಿದ್ದರೆ ಒಳ್ಳೆಯದು. ಪೂರ್ವ ಪಶ್ಚಿಮವಾಗಿ ಹಾಕಿದರೆ ಬೆಳಿಗ್ಗೆ ಒಂದು ಕಡೆಯವರಿಗೆ, ಸಂಜೆ ಇನ್ನೊಂದು ಕಡೆಯವರಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ.

ಗೂಟ, ಹುರಿ, ಟೇಪು ಹಿಡಿದು ಹುಡುಗರ ಜೊತೆ ಮೇಷ್ಟ್ರು ಗೆರೆ ಎಳೆಯುವುದನ್ನು ಒಮ್ಮೆ ನಿಂತು ನೋಡಬೇಕು. ಮೂಲೆಯಲ್ಲಿ ಒಂದು ಗೂಟ ಹೊಡೆದು, ಅಲ್ಲಿಂದ ಒಂದು ದಿಕ್ಕಿಗೆ 3 ಮೀಟರ್, ಇನ್ನೊಂದು ದಿಕ್ಕಿಗೆ 4 ಮೀಟರ್ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಮೀಟರ್ ಬರುವ ತನಕ ಹುರಿಯನ್ನು ಅತ್ತಿತ್ತ ಸರಿಸುತ್ತಾರೆ. ಬಂತೆಂದರೆ ಮೂಲೆ ಲಂಬಕೋನಕ್ಕೆ ಕೂತಿತು. ನಾಲ್ಕು ಗೂಟವೂ ಆದ ಮೇಲೆ ಟೇಪು ಮೂಲೆಯಿಂದ ಮೂಲೆಗೆ ಹೋಗುತ್ತದೆ. ಇಡೀ ಅಂಗಣದ ಕರ್ಣ 20.12 ಮೀಟರ್, ನೆಟ್ಟಿನ ಒಂದೊಂದು ಬದಿಯ ಚೌಕದ ಕರ್ಣ 12.73 ಮೀಟರ್. ಎರಡು ಕರ್ಣಗಳೂ ಸಮ ಬರದಿದ್ದರೆ ಅಂಗಣ ಎಲ್ಲೋ ಓರೆಯಾಗಿದೆ. ಕಣ್ಣಿಗೆ ಕಾಣದಿದ್ದರೂ ಲೈನ್ ಅಂಪೈರಿಗೆ ಮಧ್ಯಾಹ್ನ ಕಾಣುತ್ತದೆ. ತರಗತಿಯಲ್ಲಿ ಪೈಥಾಗರಸ್ ಎಂದರೆ ಆಕಳಿಸುವ ಹುಡುಗನೇ ಇಲ್ಲಿ ಟೇಪಿನ ತುದಿ ಹಿಡಿದು, ‘ಸರ್, ಎರಡು ಸೆಂಟಿಮೀಟರ್ ಜಾಸ್ತಿ ಬರ್ತಿದೆ’ ಎಂದು ಕೂಗುತ್ತಿರುತ್ತಾನೆ. ಗಣಿತದ ಮೇಷ್ಟ್ರು ಆ ಹೊತ್ತಿಗೆ ಮೈದಾನದ ಕಡೆ ಬಂದರೆ ಖುಷಿಪಡುತ್ತಾರೆ.

ಗೆರೆ 5 ಸೆಂಟಿಮೀಟರ್ ದಪ್ಪ, ಅಂಗಣದ ಅಳತೆಗೆ ಅದೂ ಸೇರಿದ್ದು. ಆದ್ದರಿಂದ ಸುಣ್ಣದ ಪುಡಿ ಹುರಿಯ ಒಳಗಡೆಗೇ ಬೀಳಬೇಕು, ಹೊರಗಡೆಗಲ್ಲ. ಹೊರಕ್ಕೆ ಚೆಲ್ಲಿದರೆ ಎರಡೂ ಬದಿ ಸೇರಿ ಅಂಗಣ 10 ಸೆಂಟಿಮೀಟರ್ ಬೆಳೆದುಬಿಡುತ್ತದೆ. ಗೆರೆಗೆ ತಾಗಿದ ಚೆಂಡು ಒಳಗೆ ಎಂಬ ಆಟದಲ್ಲಿ ಇದು ಸಣ್ಣ ಮಾತಲ್ಲ. ಗೆರೆ ಮುಗಿದ ಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಈ ತುದಿಯಿಂದ ಆ ತುದಿಗೆ ಕಲ್ಲು ಆರಿಸಿಕೊಂಡು ಹೋಗಲು ಹೇಳುತ್ತಾರೆ. ಹಳ್ಳಿ ಶಾಲೆಗಳ ಎಷ್ಟೋ ಹುಡುಗರು ಇವತ್ತಿಗೂ ಬರಿಗಾಲಲ್ಲಿ ಆಡುವವರು.

ನೆಟ್ಟಿನದು ಇನ್ನೂ ಸೂಕ್ಷ್ಮ. ಪುರುಷರ ಆಟದ ಎತ್ತರ 2.43 ಮೀಟರ್. ಕಿರಿಯರಿಗೆ ಬೇರೆ ಎತ್ತರ ಇಡುವುದಾದರೆ ಅದನ್ನು ಆಹ್ವಾನ ಪತ್ರದಲ್ಲೇ ತಿಳಿಸಬೇಕು, ಅಂಗಣಕ್ಕೆ ಬಂದ ಮೇಲೆ ಹೇಳುವ ವಿಷಯವಲ್ಲ. ಎತ್ತರ ಅಳೆಯುವುದು ಅಂಗಣದ ನಟ್ಟನಡುವೆ. ಎರಡು ಪಕ್ಕದ ಗೆರೆಗಳ ಮೇಲೆ ನೆಟ್ಟು ಒಂದೇ ಎತ್ತರದಲ್ಲಿರಬೇಕು, ನಡುವಿನ ಎತ್ತರಕ್ಕಿಂತ 2 ಸೆಂಟಿಮೀಟರಿಗೆ ಮೀರಿ ಹೆಚ್ಚಿರಬಾರದು ಎಂದು ನಿಯಮ. ಕಂಬದ ಹತ್ತಿರ ಅಳೆದು ‘ಸರಿ ಇದೆ’ ಎಂದುಬಿಡುವವರ ಅಂಗಣದಲ್ಲಿ ನಡುಭಾಗ ಜೋಲುಬಿದ್ದು, ಸ್ಮ್ಯಾಷ್ ಹೊಡೆಯುವ ಉದ್ದನೆಯ ಹುಡುಗನಿಗೆ ಹಬ್ಬವಾಗುತ್ತದೆ. ಅದಕ್ಕೇ ಬಿದಿರಿನ ಗಳಕ್ಕೆ ಬಣ್ಣದ ಗುರುತು ಹಾಕಿಕೊಂಡು ಪ್ರತಿ ಪಂದ್ಯಕ್ಕೂ ಮೊದಲು ನಡುವಿಗೆ ಹೋಗಿ ಹಿಡಿದು ನೋಡುತ್ತಾರೆ. ಪಕ್ಕದ ಗೆರೆಗಳ ನೇರಕ್ಕೆ ನೆಟ್ಟಿಗೆ ಕಟ್ಟುವ ಆಂಟೆನಾ 1.80 ಮೀಟರ್ ಉದ್ದ, ನೆಟ್ಟಿನಿಂದ ಮೇಲಕ್ಕೆ 80 ಸೆಂಟಿಮೀಟರ್. ಕೊಳ್ಳಲು ದುಡ್ಡಿಲ್ಲದ ಕಡೆ ಬೆತ್ತಕ್ಕೆ ಕೆಂಪು ಬಿಳಿ ಬಣ್ಣ ಬಳಿದು ಕಟ್ಟಿದರೂ ನಡೆದೀತು, ಇಲ್ಲದೇ ಇದ್ದರೆ ನಡೆಯದು. ಹೊರಗಿನಿಂದ ಸುತ್ತಿ ಬಂದ ಚೆಂಡಿನ ಬಗ್ಗೆ ಏಳುವ ಜಗಳಕ್ಕೆ ಅದೊಂದೇ ಸಾಕ್ಷಿ.

ಚೆಂಡು 260ರಿಂದ 280 ಗ್ರಾಂ ಇರಬೇಕು. ಒದ್ದೆ ನೆಲಕ್ಕೆ ಬಿದ್ದು ಬಿದ್ದು ಅದು ತೂಕ ಹಿಡಿಯುತ್ತದೆ. ಮಳೆಗಾಲದಲ್ಲಿ ಒಣ ಬಟ್ಟೆ ಹಿಡಿದ ಇಬ್ಬರು ಚಿಕ್ಕ ಹುಡುಗರನ್ನು ಗೆರೆಯಾಚೆ ನಿಲ್ಲಿಸುವುದು, ಕೆಸರಾದ ಕಡೆ ಚೆಲ್ಲಲು ಒಂದು ಗಾಡಿ ಮರಳು ತರಿಸಿಟ್ಟಿರುವುದು ಅನುಭವಿಗಳ ಲಕ್ಷಣ.

ಇನ್ನು ಡ್ರಾ. ನನ್ನ ಲೆಕ್ಕದಲ್ಲಿ ಈ ಕಸುಬಿನ ತಿರುಳು ಇರುವುದು ಈ ಒಂದು ಹಾಳೆಯಲ್ಲಿ. 13 ತಂಡ ಬಂದಿವೆ ಎಂದುಕೊಳ್ಳಿ. ನಾಕೌಟಿನಲ್ಲಿ ಪಂದ್ಯಕ್ಕೊಂದು ತಂಡ ಮನೆಗೆ ಹೋಗುತ್ತದೆ, ಕೊನೆಗೆ ಒಂದು ಉಳಿಯಬೇಕು. ಆದ್ದರಿಂದ ಪಂದ್ಯಗಳು 12. ಇದೇ ತಂಡಗಳಿಗೆ ಲೀಗ್ ಆಡಿಸಲು ಹೊರಟರೆ 78 ಪಂದ್ಯವಾಗುತ್ತದೆ, ಒಂದು ದಿನದಲ್ಲಿ ಆಗುವ ಮಾತೇ ಅಲ್ಲ. 2, 4, 8, 16 ಎಂಬ ದ್ವಿಗುಣದ ಸಾಲಿನಲ್ಲಿ 13ರ ಮುಂದಿನ ಸಂಖ್ಯೆ 16. ಕೊರತೆ ಬಿದ್ದ ಮೂರು, ಬೈಗಳು. ಮೊದಲ ಸುತ್ತು ಆಡದೆಯೇ ಮೂರು ತಂಡ ಮುಂದಕ್ಕೆ ಹೋಗುತ್ತವೆ.

ಯಾರಿಗೆ ಬೈ? ತಕರಾರಿನ ಬೀಜ ಇರುವುದೇ ಇಲ್ಲಿ. ದೈಹಿಕ ಶಿಕ್ಷಣ ಕಾಲೇಜಿನ ಪಾಠ ಇದಕ್ಕೊಂದು ದಾರಿ ಹಾಕಿಕೊಟ್ಟಿದೆ. ಹಾಳೆಯನ್ನು ಎರಡು ಭಾಗ ಮಾಡಿ, ಮೇಲೆ 7, ಕೆಳಗೆ 6 ತಂಡ. ಮೊದಲ ಬೈ ಕೆಳಭಾಗದ ಕೊನೆಯ ಸಂಖ್ಯೆಗೆ, ಎರಡನೆಯದು ಮೇಲುಭಾಗದ ಮೊದಲ ಸಂಖ್ಯೆಗೆ, ಮೂರನೆಯದು ಕೆಳಭಾಗದ ಮೊದಲನೆಯದಕ್ಕೆ. ಅಂದರೆ 13, 1, 8. ಬೈ ಸಂಖ್ಯೆಗೆ ಅಂಟಿಕೊಂಡಿದೆಯೇ ಹೊರತು ಶಾಲೆಗಲ್ಲ. ಆ ಸಂಖ್ಯೆ ಯಾರಿಗೆ ಬರುತ್ತದೆ ಎಂಬುದು ಎಲ್ಲ ಶಾಲೆಗಳ ಶಿಕ್ಷಕರ ಎದುರಿಗೆ, ಸ್ಟೀಲ್ ಡಬ್ಬಿಯಿಂದ ಪುಟ್ಟ ಹುಡುಗಿಯೊಬ್ಬಳು ಎತ್ತುವ ಚೀಟಿಯ ಮೇಲೆ ನಿಂತಿದೆ. ಆತಿಥೇಯ ಶಾಲೆಯ ಚೀಟಿಯನ್ನು ಕೊನೆಗೆ ಎತ್ತಿಸುವವರನ್ನು ಕಂಡಿದ್ದೇನೆ. ನಿಯಮದಲ್ಲಿ ಹಾಗೇನೂ ಇಲ್ಲ, ಆದರೆ ಬಾಯಿಗಳು ಮುಚ್ಚುತ್ತವೆ.

ಹಾಳೆಯನ್ನು ಗಡಿಯಾರಕ್ಕೆ ಕೂಡಿಸುವುದು ಮುಂದಿನ ಜಾಣ್ಮೆ. ಹಿಂದೆ ಸರ್ವೀಸ್ ಮಾಡಿದವರಿಗಷ್ಟೇ ಅಂಕ ಸಿಗುತ್ತಿದ್ದ ಕಾಲದಲ್ಲಿ 15 ಅಂಕದ ಒಂದು ಸೆಟ್ ಎಷ್ಟು ಹೊತ್ತಾದರೂ ಎಳೆಯಬಹುದಿತ್ತು. ವೇಳಾಪಟ್ಟಿ ಎಂಬುದು ದೇವರ ಮೇಲೆ ಭಾರ. 1990ರ ದಶಕದ ಕೊನೆಗೆ, ಪ್ರತಿ ರ್‍ಯಾಲಿಗೂ ಅಂಕ ಎಂಬ ಪದ್ಧತಿ ಬಂದ ಮೇಲೆ ಸಂಘಟಕರಿಗೆ ಉಸಿರು ಬಂತು. ಈಗ 25 ಅಂಕದ ಎರಡು ಸೆಟ್, ಸಮವಾದರೆ 15ರ ಮೂರನೆಯದು ಎಂದಿಟ್ಟುಕೊಂಡರೆ ಪಂದ್ಯಕ್ಕೆ 50 ನಿಮಿಷದ ಅಂದಾಜು ಸಾಕು. ಎರಡು ಅಂಗಣದಲ್ಲಿ ಏಳು ಪಾಳಿ, ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಒಂಬತ್ತೂವರೆಗೆ ಶುರುವಾದರೆ ಊಟದ ಬಿಡುವೂ ಸೇರಿ ಸಂಜೆ ನಾಲ್ಕೂವರೆಗೆ ಫೈನಲ್ ಮುಗಿಯಬೇಕು.

ಆದರೆ ಮೊದಲ ಸುತ್ತಿನ ಪಂದ್ಯಗಳು ಐದು. ಎರಡು ಪಾಳಿಯಲ್ಲಿ ನಾಲ್ಕು ಮುಗಿದರೆ ಮೂರನೇ ಪಾಳಿಗೆ ಒಂದೇ ಉಳಿಯಿತು, ಎರಡನೇ ಅಂಗಣ ಬರಿದು. ಹೊಸಬರು ಅದನ್ನು ಬರಿದಾಗಿಯೇ ಬಿಡುತ್ತಾರೆ. ಪಳಗಿದವರು ಹಾಳೆ ನೋಡುತ್ತಾರೆ: 1ನೇ ಸಂಖ್ಯೆಗೆ ಬೈ ಇದೆ, ಅದರ ಎದುರಾಳಿ 2 ಮತ್ತು 3ರ ನಡುವಿನ ವಿಜೇತರು. ಆ ಪಂದ್ಯವನ್ನು ಬೆಳಗಿನ ಮೊದಲ ಪಾಳಿಗೇ ಹಾಕಿದರೆ, ಗೆದ್ದವರಿಗೆ ಒಂದು ಪಾಳಿ ವಿಶ್ರಾಂತಿ ಸಿಕ್ಕು, ಮೂರನೇ ಪಾಳಿಯ ಖಾಲಿ ಅಂಗಣದಲ್ಲಿ ಮೊದಲ ಕ್ವಾರ್ಟರ್ ಫೈನಲ್ ಆಡಿಸಬಹುದು. ಒಟ್ಟು ಪಾಳಿ ಏಳೇ. ಬೆಳಗಿನ ಬಿಡುವು ಮಾತ್ರ ಸಂಜೆಗೆ ಸರಿಯುತ್ತದೆ. ಆಗಸ್ಟ್ ತಿಂಗಳ ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿದಾಗ ಆ ಒಂದು ಬಿಡುವಿನ ಬೆಲೆ ತಿಳಿಯುತ್ತದೆ.

ತೀರ್ಪುಗಾರರನ್ನು ಹಂಚುವುದಕ್ಕೂ ಇದೇ ಹಾಳೆ ಬೇಕು. ತಾಲ್ಲೂಕು ಮಟ್ಟದಲ್ಲಿ ಶೀಟಿ ಊದುವವರು ಬಂದ ತಂಡಗಳ ಪಿ.ಟಿ. ಮೇಷ್ಟ್ರುಗಳೇ. ತಮ್ಮ ಶಾಲೆಯ ಪಂದ್ಯಕ್ಕೆ ಅವರು ನಿಲ್ಲುವಂತಿಲ್ಲ, ಇದು ಎಲ್ಲರಿಗೂ ಗೊತ್ತು. ಇನ್ನೊಂದು ಹೆಜ್ಜೆ ಮುಂದೆ ಯೋಚಿಸುವವರು ಕಡಿಮೆ: ಗೆದ್ದವರು ಮುಂದಿನ ಸುತ್ತಿನಲ್ಲಿ ಯಾರನ್ನು ಎದುರಿಸುತ್ತಾರೋ ಆ ಶಾಲೆಯ ಮೇಷ್ಟ್ರೂ ಈ ಪಂದ್ಯಕ್ಕೆ ನಿಲ್ಲಬಾರದು. 2 ಮತ್ತು 3 ಆಡುವಾಗ 1ನೇ ಸಂಖ್ಯೆಯವರ ಬಾಯಲ್ಲಿ ಶೀಟಿ ಇದ್ದರೆ, ಅವರು ಧರ್ಮರಾಯನೇ ಆಗಿದ್ದರೂ ಸೋತವರ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಮೇಲುಭಾಗದ ಪಂದ್ಯಗಳಿಗೆ ಕೆಳಭಾಗದ ಶಿಕ್ಷಕರು, ಕೆಳಗಿನದಕ್ಕೆ ಮೇಲಿನವರು. ಫೈನಲ್ಲಿಗೆ, ಬೆಳಿಗ್ಗೆಯೇ ಸೋತು ನಿರಾಳವಾಗಿ ಕೂತ ಶಾಲೆಯವರಷ್ಟು ನಿಷ್ಪಕ್ಷಪಾತಿಗಳು ಇನ್ನೆಲ್ಲಿ ಸಿಗುತ್ತಾರೆ!

ಅಂಪೈರಿಗಿಂತ ಸಿಗುವುದು ಕಷ್ಟ ಒಳ್ಳೆಯ ಸ್ಕೋರರ್. ಅಂಕ ಬರೆಯುವುದಷ್ಟೇ ಅವರ ಕೆಲಸವಲ್ಲ. ಸೆಟ್ ಶುರುವಾಗುವ ಮೊದಲು ಎರಡೂ ತಂಡದವರು ಆರು ಜನರ ಸರದಿಯನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಎದುರಾಳಿಯ ಸರ್ವೀಸ್ ಮುರಿದಾಗಲೆಲ್ಲ ತಂಡ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಸ್ಥಾನ ಸುತ್ತಬೇಕು. ಉತ್ಸಾಹದಲ್ಲಿ ಹುಡುಗರು ಇದನ್ನು ಮರೆಯುತ್ತಾರೆ. ಚೆನ್ನಾಗಿ ಸರ್ವೀಸ್ ಮಾಡುವವನು ಇನ್ನೊಮ್ಮೆ ಚೆಂಡು ಹಿಡಿದು ನಿಂತುಬಿಡುತ್ತಾನೆ, ಕೆಲವೊಮ್ಮೆ ಮರೆವಿಲ್ಲದೆಯೂ. ಅದನ್ನು ಹಿಡಿಯುವುದು ಕಾಗದದ ಮೇಲೆ ಕಣ್ಣಿಟ್ಟು ಕೂತ ಸ್ಕೋರರ್ ಮಾತ್ರ. ಮುಖ್ಯ ಅಂಪೈರಿನ ಎದುರು ಬದಿಗೆ ಅವರ ಮೇಜು. ಆ ಮೇಜಿನ ಸುತ್ತ ಊರವರನ್ನು ಗುಂಪುಗೂಡಲು ಬಿಟ್ಟ ಸಂಘಟಕರು ಅರ್ಧ ಪಂದ್ಯಾವಳಿಯನ್ನು ಕೈಬಿಟ್ಟಂತೆಯೇ.

ವಯಸ್ಸಿನ ತಕರಾರನ್ನು ಬೆಳಿಗ್ಗೆ ಆಟಕ್ಕೆ ಮೊದಲೇ ಮುಗಿಸಬೇಕು. ಮುಖ್ಯೋಪಾಧ್ಯಾಯರ ಸಹಿ, ಮೊಹರು, ಫೋಟೊ, ಜನ್ಮದಿನಾಂಕ, ವಿದ್ಯಾರ್ಥಿಯ ಸ್ಯಾಟ್ಸ್ ನೋಂದಣಿ ಸಂಖ್ಯೆ ಇರುವ ನಮೂನೆಯನ್ನು ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡೇ ನೋಡಬೇಕು. ಮೀಸೆ ಬಂದ ಮಾತ್ರಕ್ಕೆ ಯಾರೂ ಹದಿನೇಳರ ವಯೋಮಿತಿ ದಾಟಿರುವುದಿಲ್ಲ, ಹಾಗೆಂದು ಮೀಸೆಯನ್ನು ಕಡೆಗಣಿಸುವವರೂ ಇಲ್ಲ.

ಊಟಕ್ಕೆ ಅನ್ನ ಸಾಂಬಾರು, ಮಜ್ಜಿಗೆ ಇದ್ದರೆ ಬೇಕಾದಷ್ಟಾಯಿತು. ಮುಖ್ಯವಾದದ್ದು ಯಾವ ತಂಡ ಯಾವಾಗ ಉಣ್ಣುತ್ತದೆ ಎಂಬುದು. ಹೊಟ್ಟೆ ತುಂಬ ಉಂಡು ಹತ್ತು ನಿಮಿಷಕ್ಕೆ ಸೆಮಿಫೈನಲ್ ಆಡಲು ನಿಂತ ತಂಡ ನೆಗೆಯುವುದಿಲ್ಲ. ಅತಿಥಿಗಳ ಭಾಷಣದ ಬಗ್ಗೆ ಹೆಚ್ಚು ಹೇಳಲಾರೆ. ಉದ್ಘಾಟನೆ ಅರ್ಧ ಗಂಟೆ ದಾಟಿದರೆ ಏಳು ಪಾಳಿಯ ಲೆಕ್ಕ ಏರುಪೇರು ಎಂದು ಬಲ್ಲ ಮೇಷ್ಟ್ರು, ಮೊದಲ ಎರಡು ಪಂದ್ಯ ಆಡಿಸಿ ಆಮೇಲೆ ವೇದಿಕೆ ಏರಿಸುತ್ತಾರೆ. ಹಾರ, ಶಾಲಿಗೆ ಅದರಿಂದ ಯಾವ ಊನವೂ ಆಗದು.

ಬಹುಮಾನ ಕೊಡುವಾಗ ಜನರ ಕಣ್ಣೆಲ್ಲ ಟ್ರೋಫಿಯ ಮೇಲೆ. ಮೇಷ್ಟ್ರ ಕಣ್ಣು ಪ್ರಮಾಣಪತ್ರದ ಕಟ್ಟಿನ ಮೇಲೆ. ಮುಂದೆ ಕ್ರೀಡಾ ಕೋಟಾದಡಿ ಸೀಟು ಕೇಳುವಾಗ ಪತ್ರದಲ್ಲಿರುವ ಹೆಸರು ಶಾಲಾ ದಾಖಲೆಗೆ ಅಕ್ಷರಶಃ ಹೊಂದಬೇಕು. ಅದಕ್ಕೇ ಹೆಸರುಗಳನ್ನು ಇನಿಷಿಯಲ್ ಬಿಟ್ಟುಹೋದ ಸ್ಕೋರ್ ಶೀಟಿನಿಂದ ನಕಲು ಮಾಡದೆ, ಬೆಳಿಗ್ಗೆ ಪಡೆದ ನಮೂನೆಯಿಂದಲೇ, ಅಕ್ಷರ ದುಂಡಗಿರುವ ಒಬ್ಬ ಕನ್ನಡ ಟೀಚರ ಕೈಯಲ್ಲಿ, ಸೆಮಿಫೈನಲ್ ನಡೆಯುತ್ತಿರುವಾಗಲೇ ಬರೆಸಿಟ್ಟಿರುತ್ತಾರೆ. ಗೆದ್ದ ತಂಡದ ನಮೂನೆಗಳು ಮಾತ್ರ ವಾಪಸು ಹೋಗುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಗೆ ಹೋಗಿ, ಅಲ್ಲಿಂದ ಜಿಲ್ಲಾ ಮಟ್ಟದ ಪಂದ್ಯಾವಳಿಯ ದಿನಾಂಕ ಹೊತ್ತು ಬರಬೇಕು.