ತಾಯಂದಿರ ಮನೆಬಾಗಿಲಿಗೆ ಬಂದ ಗಣಿತ

ಬಾದಾಮಿಯ ಕೆಂಗಲ್ಲಿನ ಬೆಟ್ಟಗಳ ಮಗ್ಗುಲ ಊರಿನಲ್ಲಾಗಲಿ, ಹುನಗುಂದದ ಎರೆಭೂಮಿಯ ಹಳ್ಳಿಯಲ್ಲಾಗಲಿ, ಇಳಕಲ್ಲಿನ ಮಗ್ಗದ ಮನೆಯಲ್ಲಾಗಲಿ, ಏಳು ತಿಂಗಳ ಬಸುರಿಯೊಬ್ಬಳು ತಲೆನೋವೆಂದರೆ ಅದು ಬಿಸಿಲಿನದೆಂದೋ ದುಡಿಮೆಯದೆಂದೋ ಮನೆಯವರು ಸಮಾಧಾನ ತಂದುಕೊಳ್ಳುವುದು ಸಹಜವೇ ಸರಿ; ಆದರೆ ಐದನೆಯ ತಿಂಗಳು ಕಳೆದ ಮೇಲೆ ರಕ್ತದೊತ್ತಡವನ್ನು ಏರಿಸಿ, ಮೂತ್ರದಲ್ಲಿ ಪ್ರೋಟೀನನ್ನು ಸೋರಗೊಟ್ಟು, ಮೂತ್ರಪಿಂಡ, ಯಕೃತ್ತು, ಮಿದುಳುಗಳನ್ನು ಪೀಡಿಸಿ, ಕೊನೆಗೆ ಸೆಳವಾಗಿಯೂ ಪ್ರಕಟವಾಗಬಲ್ಲ ಗರ್ಭನಂಜೆಂಬ ವ್ಯಾಧಿಯು ಕೆಲವೊಮ್ಮೆ ತನ್ನ ಆಗಮನವನ್ನು ಸಾರುವುದು ಇಂತಹುದೇ ತಲೆನೋವಿನಿಂದ.

ಇಂತಹ ಆಪತ್ತುಗಳ ನಿವಾರಣೆಯಲ್ಲಿ ಅನ್ವಯಿಕ ಸಂಶೋಧಕನ ವೃತ್ತಿಜೀವನವು ಹೇಗೆ ಸಾಗುವುದೆಂಬುದಕ್ಕೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಶಿವಪ್ರಸಾದ ಗೌಡರ ಅವರ ಕಾರ್ಯವು ಒಳ್ಳೆಯ ನಿದರ್ಶನ. ಅವರೂ ಸಹಲೇಖಕರಾಗಿ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ, ಬೆಳಗಾವಿ ಜಿಲ್ಲೆಯ 1,620 ತಾಯಂದಿರ ಅಧ್ಯಯನವು, ಗ್ರಾಮದ ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ಹೆರಿಗೆಯ ತರುವಾಯದ ಅತಿ ರಕ್ತಸ್ರಾವವು ನೂರಕ್ಕೆ 12ರಿಂದ 6.4ಕ್ಕೆ ಇಳಿಯುವುದೆಂದು ತೋರಿಸಿತು. ಸ್ರವಿಸಿದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಬಾಣಂತಿಯ ಕೆಳಗೆ ಹರಡಿದ ಪ್ಲಾಸ್ಟಿಕ್ ಹಾಳೆಗೆ ಹೊಂದಿಸಿದ, ಗೆರೆಗಳಿಂದ ಗುರುತಿಸಿದ ಚೀಲದಲ್ಲಿ ಅಳೆದುದರಿಂದ ಆ ನಿರ್ಣಯಕ್ಕೆ ಬಲವೊದಗಿತು.

ಅದೇ ಅಳತೆಯ ನಿಷ್ಠೆಯು ಮುಂದೆ ಮೊಬೈಲ್ ಫೋನಿನೊಳಕ್ಕೆ ಬಂದಿತು. 2014ರಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಆರಂಭವಾದ, ಗರ್ಭನಂಜನ್ನು ಮನೆಬಾಗಿಲಲ್ಲೇ ಗುರುತಿಸುವ 'ಕ್ಲಿಪ್' ಎಂಬ ಪ್ರಯೋಗದಲ್ಲಿ ಗೌಡರ ಅವರೊಡನೆ ಬೆಳಗಾವಿಯ ಡಾ. ಮೃತ್ಯುಂಜಯ ಬೆಲ್ಲದ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯದ ಡಾ. ಆಶಾಲತಾ ಮಲ್ಲಾಪುರ ಮೊದಲಾದವರು ಕೈಜೋಡಿಸಿದರು. ಆಶಾ ಕಾರ್ಯಕರ್ತೆಯು ಬಸುರಿಯ ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ಅಳೆದು, ಮೂತ್ರದಲ್ಲಿ ಅದ್ದಿದ ಪಟ್ಟಿಯ ಬಣ್ಣವನ್ನು ನೋಡಿ, ತಲೆನೋವು, ಕಣ್ಣು ಮಂಜು, ಎದೆನೋವುಗಳನ್ನು ವಿಚಾರಿಸಿ, ಆ ಉತ್ತರಗಳನ್ನು ಆ್ಯಪಿನಲ್ಲಿ ತುಂಬಿದರೆ, ಹಲವು ದೇಶಗಳ ಗರ್ಭಿಣಿಯರ ವಿವರಗಳಿಂದ ರೂಪಿಸಿದ ಗಣಿತಸೂತ್ರವು ಅಪಾಯವನ್ನು ಲೆಕ್ಕಹಾಕಿ, ನಾಲ್ಕು ತಾಸಿನೊಳಗೆ ಆಸ್ಪತ್ರೆಗೆ ಸಾಗಿಸಬೇಕೋ, ಒಂದು ದಿನದ ಅವಧಿಯುಂಟೋ ಎಂಬುದನ್ನು ತಿಳಿಸುತ್ತಿತ್ತು. ಒತ್ತಡವು 160 ಮುಟ್ಟಿದ್ದರೆ ಮೀಥೈಲ್‌ಡೋಪಾ ಗುಳಿಗೆಯನ್ನೂ, ಸೆಳವಿನ ಭಯವಿದ್ದರೆ ಮೆಗ್ನೀಸಿಯಮ್ ಸಲ್ಫೇಟಿನ ಚುಚ್ಚುಮದ್ದನ್ನೂ ಸೂಚಿಸುತ್ತಿತ್ತು.

ಇಷ್ಟೆಲ್ಲ ಏರ್ಪಾಡಿನ ಫಲವೇನು? ಭಾರತ, ಪಾಕಿಸ್ತಾನ, ಮೊಜಾಂಬಿಕ್ ದೇಶಗಳ 69,330 ಗರ್ಭಧಾರಣೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಆ್ಯಪ್ ತಲುಪಿದ ಪ್ರದೇಶಗಳಿಗೂ ತಲುಪದ ಪ್ರದೇಶಗಳಿಗೂ ತಾಯಿ-ಮಕ್ಕಳ ಸಾವುನೋವುಗಳಲ್ಲಿ ಗಣನೀಯ ಅಂತರವು ಕಾಣಲಿಲ್ಲ. ಆದರೆ ಕಾರ್ಯಕರ್ತೆಯರ ಎಂಟು ಅಥವಾ ಅದಕ್ಕಿಂತ ಹೆಚ್ಚು ಭೇಟಿಗಳನ್ನು ಪಡೆದ ತಾಯಂದಿರಲ್ಲಿ, ಒಂದೂ ಭೇಟಿ ದೊರೆಯದವರಿಗಿಂತ ದುಷ್ಪರಿಣಾಮಗಳು ಕಡಮೆಯಿದ್ದುವು. ಹೆಚ್ಚು ಭೇಟಿ ಪಡೆದವರು ಬೇರೆ ಬಗೆಯಲ್ಲಿಯೂ ಅನುಕೂಲವಂತರಾಗಿದ್ದಿರಬಹುದಾದ್ದರಿಂದ ಇದೊಂದೇ ಕಾರಣವೆಂದು ಸಾಧಿಸಲಾಗದು; ಆದರೂ ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಪ್ರತಿ ಗರ್ಭಿಣಿಗೂ ಎಂಟು ತಪಾಸಣೆಗಳಾದರೂ ಬೇಕೆಂದುದಕ್ಕೆ ಇದು ಪೋಷಕವಾಗಿದೆ.

ಯಂತ್ರವನ್ನು ಮೆಚ್ಚಿ ಅಲ್ಲಿಗೇ ನಿಂತಿದ್ದರೆ ಈ ತಿಳಿವು ದೊರೆಯುತ್ತಿರಲಿಲ್ಲ. ಎಂಟು ಭೇಟಿಗಳಿಗೆ ಬೇಕಾದ ಕಾರ್ಯಕರ್ತೆಯರ ವೇಳೆಯನ್ನೂ, ನಡುರಾತ್ರಿ ಬಾಗಲಕೋಟೆಗೆ ಹೊರಡುವ ವಾಹನವನ್ನೂ, ಅಲ್ಲಿ ಎಚ್ಚರವಾಗಿರುವ ಹೆರಿಗೆಕೋಣೆಯನ್ನೂ ಒದಗಿಸುವುದು ಸಂಶೋಧಕನ ಕೈಯಲ್ಲಿಲ್ಲ. ಆದರೆ ಹೊಸ ಫೋನುಗಳಿಗೆ ಹಣ ಸುರಿಯುವ ಮುಂಚೆ ಇವುಗಳನ್ನು ಒದಗಿಸಿರೆಂದು ಸರಕಾರಕ್ಕೆ ಲೆಕ್ಕಸಮೇತ ಹೇಳುವ ಅಧಿಕಾರವು ಅವನಿಗೆ ಬಂದುದು, ತನ್ನ ಸಾಧನವು ಸೋತಿತೆಂಬುದನ್ನು ತಾನೇ ಅಳೆದು ಪ್ರಕಟಿಸಿದುದರಿಂದ.