ಡ್ರಿಪ್ ಲೈನಿನ ಬಾಲ್‌ವಾಲ್ ಹಳೇದಾಯ್ತಾ?

ಕುಣಿಗಲ್ ಕಡೆಯ ತೆಂಗಿನ ತೋಟ. ಇಲ್ಲಿ ಒಂದು ಲೈನಿನ ವಾಲ್ ಪೂರ್ತಿ ಮುಚ್ಚಿದೆ. ಆದ್ರೂ ಮರದ ಬುಡದಲ್ಲಿ ನೀರು ತೊಟ್ಟಿಕ್ಕುತ್ತಲೇ ಇದೆ.

ಕೊಯ್ದು ತೆಗೆದ ವಾಲ್ ಒಳಗೆ ನೋಡಿ. ಬಾಲ್ ಮೇಲೆಲ್ಲ ಗೀರು, ಸುತ್ತ ಬಿಳಿ ಪದರ. ಬೋರ್‌ವೆಲ್ ಮರಳು ಗೀರುತ್ತೆ, ಗಡಸು ನೀರಿನ ಸುಣ್ಣ ಕಟ್ಟಿಕೊಳ್ಳುತ್ತೆ. ಹಿಡಿ ಬಿಗಿಯಾಯ್ತು ಅಂತ ಸ್ಪ್ಯಾನರ್ ಹಾಕಿ ತಿರುಗಿಸಬೇಡಿ. ಒಳಗಿನ ಕಡ್ಡಿ ಮುರಿದ್ರೆ ಆ ವಾಲ್ ಮುಗೀತು.

ಅಂಗಡಿಗೆ ಹೋಗೋ ಮುಂಚೆ ಪೈಪಿನ ಮೇಲಿನ ಅಚ್ಚು ಓದಿ. ಬಾಯಿಮಾತಲ್ಲಿ ಎಲ್ಲಾನೂ ಎರಡಿಂಚೇ. ಆದ್ರೆ ಕೃಷಿ ಪೈಪಿನ ಹೊರವ್ಯಾಸ 63 ಎಂಎಂ, ಮನೆ ಪ್ಲಂಬಿಂಗ್ ಪೈಪಿನದು ಸುಮಾರು 60. ಒಂದರ ವಾಲ್ ಇನ್ನೊಂದಕ್ಕೆ ಕೂರಲ್ಲ. ಯೂನಿಯನ್ ಇರೋ ವಾಲ್ ಕೇಳಿ ತಗೊಳ್ಳಿ. ನಾಲ್ಕು ಕಾಸು ಜಾಸ್ತಿಯಾದ್ರೂ ಸರಿ, ಮುಂದಿನ ಸಲ ಪೈಪ್ ಕೊಯ್ಯೋ ಕೆಲಸ ಇಲ್ಲ.

ವಾಲ್ ಬದಲಿಸೋಕೆ ಮೊದಲು ಆಟೋ ಸ್ಟಾರ್ಟರ್ ಆಫ್ ಮಾಡಿ. ಇಲ್ಲಾಂದ್ರೆ ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಓಡುತ್ತೆ. ಪೈಪನ್ನ ನೇರವಾಗಿ ಕೊಯ್ದು, ತುದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸಲ್ಯೂಷನ್ ತೆಳ್ಳಗೆ ಹಚ್ಚಿ. ಜಾಸ್ತಿ ಬಳಿದ್ರೆ ಒಳಗಿಳಿದು ಬಾಲ್ ಅಂಟಿಕೊಳ್ಳುತ್ತೆ. ಕೂರಿಸಿ, ಅರ್ಧ ನಿಮಿಷ ಅದುಮಿ ಹಿಡೀರಿ. ಅವತ್ತು ನೀರು ಬಿಡಬೇಡಿ.

ಮಾರನೇ ದಿನದಿಂದ ಒಂದು ಅಭ್ಯಾಸ ಮಾಡ್ಕೊಳ್ಳಿ: ಲೈನ್ ಬದಲಿಸುವಾಗ ಮುಂದಿನ ವಾಲ್ ತೆರೆದ ಮೇಲೇ ಹಿಂದಿನದನ್ನ ಮುಚ್ಚಿ. ಮೋಟಾರ್ ಓಡ್ತಿರುವಾಗ ಎಲ್ಲಾ ವಾಲೂ ಮುಚ್ಚಿದ್ರೆ, ಒತ್ತಡಕ್ಕೆ ಜಾಯಿಂಟೇ ಕಿತ್ತುಬರುತ್ತೆ.